ತಾಯಿಯ ಪ್ರಾಣ, ವೈದ್ಯರ ಅಳತೆ, ಕಾನೂನಿನ ಗೆರೆ

ಬೆಂಗಳೂರಿನಿಂದ ಹೊರಟು ನಮ್ಮ ಅರಸೀಕೆರೆ ಜಂಕ್ಷನ್ನನ್ನು ಹಾದು ಹುಬ್ಬಳ್ಳಿಯ ಕಡೆಗೆ ಸಾಗುವ ರೈಲುಗಳಲ್ಲಿ ಕೆಲವು ಬೆಳಗಾವಿಯವರೆಗೂ ಹೋಗುತ್ತವೆ. ಆ ಬೆಳಗಾವಿಯಲ್ಲಿ ಬೆಳೆದು, ಅಲ್ಲಿಯೇ ದಂತವೈದ್ಯ ಶಿಕ್ಷಣವನ್ನು ಪಡೆದು, ವಿವಾಹಾನಂತರ ಪತಿಯೊಡನೆ ಐರ್ಲೆಂಡ್ ದೇಶದ ಗಾಲ್ವೇ ನಗರದಲ್ಲಿ ನೆಲಸಿದ್ದ ಸವಿತಾ ಹಾಲಪ್ಪನವರ ಎಂಬ ಯುವತಿ 2012ನೆಯ ಇಸವಿಯ ಅಕ್ಟೋಬರ್ 28ರಂದು ಅಲ್ಲಿನ ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರಿಗೆ ಆಗ 31 ವರ್ಷ. ಅವರು 17 ವಾರಗಳ ಗರ್ಭಿಣಿಯಾಗಿದ್ದರು. ಗರ್ಭವು ಉಳಿಯುವುದಿಲ್ಲವೆಂದು ವೈದ್ಯರು ಒಂದು ವಾರದ ಹಿಂದೆಯೇ ತಿಳಿದಿದ್ದರು. ಅದನ್ನು ಬೇಗ ಹೊರತೆಗೆದುಬಿಡಿರೆಂದು ಸವಿತಾ ಅವರೂ ಅವರ ಪತಿಯೂ ಕೇಳಿಕೊಂಡಿದ್ದರು. ಭ್ರೂಣದ ಹೃದಯ ಇನ್ನೂ ಬಡಿಯುತ್ತಿದೆ, ಆದುದರಿಂದ ಈ ದೇಶದ ಕಾನೂನಿನಂತೆ ಹಾಗೆ ಮಾಡಲಾಗದು ಎಂಬ ಉತ್ತರ ಅವರಿಗೆ ದೊರೆಯಿತು.

ಭೌತವಿಜ್ಞಾನವನ್ನು ಬೋಧಿಸುವ ನಾವು ಈ ವಿಷಯಕ್ಕೆ ಕೈಹಾಕಿದುದೇಕೆಂದು ವಾಚಕರು ಕೇಳಬಹುದು. ಇದರ ನಡುವೆ ಇರುವ ಪ್ರಶ್ನೆ ಅಳತೆಯದು, ಅಪಾಯದ ಎಣಿಕೆಯದು. ಎಷ್ಟು ವಾರ, ಎಷ್ಟು ಜ್ವರ, ನಾಡಿ ಎಷ್ಟು, ಅಪಾಯ ಎಷ್ಟು ಎಂದು ವೈದ್ಯರು ಅಳೆಯುತ್ತಾರೆ. ಆ ಅಳತೆಗಳ ಮೇಲೆ ಕಾನೂನು ಒಂದು ಗೆರೆಯನ್ನು ಎಳೆಯುತ್ತದೆ. ಗೆರೆಯನ್ನು ಎಲ್ಲಿ ಎಳೆದರೆ ಪ್ರಾಣ ಉಳಿಯುತ್ತದೆ, ಎಲ್ಲಿ ಎಳೆದರೆ ಹೋಗುತ್ತದೆ ಎಂಬುದನ್ನು ವಿದ್ಯಾವಂತರಾದ ತರುಣರೂ ತರುಣಿಯರೂ ತಿಳಿದಿರಬೇಕು. ಮನೆಯಲ್ಲಿ ಹಿರಿಯರು ದನಿ ತಗ್ಗಿಸಿ ಆಡುವ ಮಾತೆಂದು ಇದನ್ನು ಬಿಟ್ಟುಬಿಡುವುದು ಸರಿಯಲ್ಲ.

ಗರ್ಭದ ಗಡಿಯಾರ

ಮೊದಲು ವಾರಗಳ ಲೆಕ್ಕವನ್ನು ನೋಡೋಣ. ಗರ್ಭದ ವಯಸ್ಸನ್ನು ವೈದ್ಯರು ಕೊನೆಯ ಮುಟ್ಟಿನ ಮೊದಲನೆಯ ದಿನದಿಂದ ಎಣಿಸುತ್ತಾರೆ. ಅಂಡವು ಫಲಿಸುವುದಾದರೋ ಸಾಮಾನ್ಯವಾಗಿ ಅದಾದ ಎರಡು ವಾರಗಳ ಮೇಲೆ. ಆದುದರಿಂದ 24 ವಾರಗಳ ಗರ್ಭವೆಂದರೆ ನಿಜವಾಗಿ ಬೆಳೆಯಲು ಆರಂಭವಾಗಿ ಸುಮಾರು 22 ವಾರಗಳಾದ ಗರ್ಭ. ಮುಟ್ಟಿನ ದಿನ ನೆನಪಿಲ್ಲದವರು, ಮುಟ್ಟು ಕ್ರಮವಾಗಿ ಬಾರದವರು ಹಲವರಿರುವುದರಿಂದ ಈ ಲೆಕ್ಕವೊಂದೇ ಸಾಲದು. ಇಲ್ಲಿ ಶ್ರವಣಾತೀತ ಧ್ವನಿಯ ಯಂತ್ರ, ಎಂದರೆ ಜನರು ‘ಸ್ಕ್ಯಾನಿಂಗ್’ ಎಂದು ಕರೆಯುವ ಯಂತ್ರ, ನೆರವಿಗೆ ಬರುತ್ತದೆ.

ನಮ್ಮ ಕಿವಿಯು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿಯನ್ನು ಮಾತ್ರ ಕೇಳಬಲ್ಲುದು. ಹೊಟ್ಟೆಯ ಮೇಲಿಟ್ಟು ನೋಡುವ ಯಂತ್ರದ ಧ್ವನಿಯು ಸೆಕೆಂಡಿಗೆ ಕೆಲವು ಹತ್ತು ಲಕ್ಷ ಸಲ ಕಂಪಿಸುತ್ತದೆ. ಮೈಯ ಮೃದುವಾದ ಭಾಗಗಳಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1,540 ಮೀಟರ್. 10 ಸೆಂಟಿಮೀಟರ್ ಆಳದಲ್ಲಿರುವ ವಸ್ತುವಿನಿಂದ ಪ್ರತಿಧ್ವನಿ ಹಿಂದಿರುಗಲು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಕಾಲ ಸಾಕು. ಹೀಗೆ ಬರುವ ಸಾವಿರಾರು ಪ್ರತಿಧ್ವನಿಗಳ ಕಾಲವನ್ನು ಲೆಕ್ಕಹಾಕಿ ಯಂತ್ರವು ಚಿತ್ರವನ್ನು ಬರೆಯುತ್ತದೆ. ಭ್ರೂಣದ ನೆತ್ತಿಯಿಂದ ಪೃಷ್ಠದವರೆಗಿನ ಉದ್ದ 8 ವಾರಗಳಲ್ಲಿ ಸುಮಾರು 16 ಮಿಲಿಮೀಟರ್, 12 ವಾರಗಳಲ್ಲಿ ಸುಮಾರು 54 ಮಿಲಿಮೀಟರ್. ಈ ಉದ್ದದಿಂದ ವಯಸ್ಸನ್ನು ಹೇಳಬಹುದು.

ಆದರೆ ಯಾವ ಅಳತೆಯಲ್ಲಿಯೂ ದೋಷದ ಮಿತಿ ಎಂಬುದೊಂದು ಇರುತ್ತದೆ. ಮೊದಲ ಮೂರು ತಿಂಗಳಲ್ಲಿ ಮಾಡಿದ ಅಳತೆಯಲ್ಲಿ ಐದರಿಂದ ಏಳು ದಿನಗಳ ಹೆಚ್ಚು ಕಡಿಮೆ ಇರಬಹುದು. ಐದನೆಯ ತಿಂಗಳ ಹೊತ್ತಿಗೆ ಅದು ಒಂದೂವರೆ ವಾರವನ್ನು ಮುಟ್ಟುತ್ತದೆ. ಕೊನೆಯ ಮೂರು ತಿಂಗಳಲ್ಲಿ ಮೊದಲ ಬಾರಿಗೆ ಅಳೆದರೆ ಮೂರು ವಾರಗಳವರೆಗೂ ತಪ್ಪಬಹುದು. ಏಕೆಂದರೆ ಅಷ್ಟು ಹೊತ್ತಿಗೆ ಒಂದೊಂದು ಕೂಸು ಒಂದೊಂದು ಗಾತ್ರಕ್ಕೆ ಬೆಳೆದಿರುತ್ತದೆ. ಕಾನೂನು ‘20 ವಾರ’ ಅಥವಾ ‘24 ವಾರ’ ಎಂದು ಹೇಳುವಾಗ ಕೂದಲೆಳೆಯಂಥ ಗೆರೆಯನ್ನು ಎಳೆಯುತ್ತದೆ. ಯಂತ್ರವು ತೋರಿಸುವುದು ಅಗಲವಾದ ಪಟ್ಟಿಯನ್ನು. ಬೇಗ ಪರೀಕ್ಷೆ ಮಾಡಿಸಿಕೊಂಡವರಿಗೆ ಆ ಪಟ್ಟಿ ಕಿರಿದಾಗಿರುತ್ತದೆ.

ಗರ್ಭವೇ ಅಪಾಯವಾಗುವ ಸಂದರ್ಭಗಳು

ಬಹುಪಾಲು ಬಸಿರುಗಳು ಸುಖವಾಗಿ ಹೆರಿಗೆಯನ್ನು ಮುಟ್ಟುತ್ತವೆ. ಕೆಲವು ಹಾಗಾಗುವುದಿಲ್ಲ. ಯಾವ ಕಾರಣಗಳಿಂದ ವೈದ್ಯರು ಗರ್ಭವನ್ನು ಮುಂದುವರಿಸುವುದು ಬೇಡವೆನ್ನುತ್ತಾರೆ ಎಂಬುದನ್ನು ಉದಾಹರಣೆಗಳಿಂದ ತಿಳಿಯೋಣ.

ಫಲಿತ ಅಂಡವು ಗರ್ಭಕೋಶವನ್ನು ಸೇರದೆ ನಾಳದಲ್ಲಿಯೇ ನೆಟ್ಟುಕೊಳ್ಳುವುದುಂಟು. ನೂರು ಗರ್ಭಗಳಲ್ಲಿ ಒಂದೆರಡು ಹೀಗಾಗುತ್ತವೆ. ನಾಳವು ಹಿಗ್ಗಲಾರದೆ ಒಡೆದರೆ ಹೊಟ್ಟೆಯೊಳಗೆ ರಕ್ತ ಸುರಿದು ತಾಯಿಯ ಪ್ರಾಣಕ್ಕೆ ಕುತ್ತು ಬರುತ್ತದೆ. ಇಂಥ ಗರ್ಭ ಬೆಳೆದು ಕೂಸಾಗುವ ಆಸೆಯೇ ಇಲ್ಲ.

ಎರಡನೆಯದು ಹೃದಯದ ಕಾಯಿಲೆ. ಬಾಲ್ಯದಲ್ಲಿ ಕೀಲುನೋವಿನ ಜ್ವರ ಬಂದು ಹೃದಯದ ಎಡಭಾಗದ ಕವಾಟ ಕಿರಿದಾಗಿರುವ ಹೆಂಗಸರು ನಮ್ಮ ದೇಶದಲ್ಲಿ ಇನ್ನೂ ಇದ್ದಾರೆ. ಆರೋಗ್ಯವಂತರಲ್ಲಿ ಆ ಕವಾಟದ ದಾರಿ 4ರಿಂದ 6 ಚದರ ಸೆಂಟಿಮೀಟರ್ ಇರುತ್ತದೆ. ಕಾಯಿಲೆ ತೀವ್ರವಾದಾಗ ಅದು ಒಂದೂವರೆ ಚದರ ಸೆಂಟಿಮೀಟರಿಗೂ ಕಡಿಮೆಯಾಗುತ್ತದೆ. ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣ ನೂರಕ್ಕೆ 40ರಿಂದ 50ರಷ್ಟು ಏರುತ್ತದೆ. ಕಿರಿದಾದ ದ್ವಾರದಲ್ಲಿ ಹರಿವು ಒಂದೂವರೆ ಪಟ್ಟಾದರೆ ಅದನ್ನು ನೂಕಲು ಬೇಕಾದ ಒತ್ತಡದ ವ್ಯತ್ಯಾಸವು ಸುಮಾರು ಅದರ ವರ್ಗದಂತೆ, ಎಂದರೆ ಎರಡೂಕಾಲು ಪಟ್ಟು, ಏರುತ್ತದೆಂಬುದನ್ನು ದ್ರವಗಳ ಚಲನೆಯನ್ನು ಓದಿದವರು ಬಲ್ಲರು. ಆ ಒತ್ತಡ ಹಿಂದಕ್ಕೆ ಶ್ವಾಸಕೋಶದ ಮೇಲೆ ಬಿದ್ದು ಅಲ್ಲಿ ನೀರು ತುಂಬಿಕೊಳ್ಳಬಹುದು. ಇಂಥ ಅನೇಕರನ್ನು ಔಷಧಿಯಿಂದಲೂ ಕವಾಟವನ್ನು ಹಿಗ್ಗಿಸುವ ಚಿಕಿತ್ಸೆಯಿಂದಲೂ ಕಾಪಾಡಬಹುದು. ಕೆಲವರಲ್ಲಿ ಗರ್ಭದ ಹೊರೆಯನ್ನು ಹೃದಯ ತಾಳಲಾರದು.

ಮೂರನೆಯದು ಭ್ರೂಣದಲ್ಲಿಯೇ ಇರುವ ದೋಷ. ತಲೆಬುರುಡೆಯೂ ಮೆದುಳಿನ ಮುಖ್ಯಭಾಗವೂ ರೂಪುಗೊಳ್ಳದ ಕೂಸು ಹುಟ್ಟಿದರೂ ಬದುಕಲಾರದು. ಇದು ಹಲವು ವೇಳೆ ಮೂರನೆಯ ತಿಂಗಳ ಕೊನೆಗೇ ಯಂತ್ರದಲ್ಲಿ ಕಾಣುತ್ತದೆ. ಹೃದಯದ ರಚನೆಯಂಥ ಸೂಕ್ಷ್ಮ ದೋಷಗಳನ್ನು ಹುಡುಕುವ ಪರೀಕ್ಷೆಯನ್ನು ಸಾಮಾನ್ಯವಾಗಿ ಮಾಡುವುದು 18ರಿಂದ 20ನೆಯ ವಾರದಲ್ಲಿ. ಈ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವಿದೆ.

ನಾಲ್ಕನೆಯದು ಗರ್ಭದ ಚೀಲವು ಅಕಾಲದಲ್ಲಿ ಒಡೆಯುವುದು. ಗಾಲ್ವೇಯಲ್ಲಿ ನಡೆದುದು ಇದೇ.

ಗಾಲ್ವೇಯ ಏಳು ದಿನಗಳು

2012ರ ಅಕ್ಟೋಬರ್ 21ನೆಯ ತಾರೀಖು ಭಾನುವಾರ ಸವಿತಾ ಅವರು ಬೆನ್ನುನೋವೆಂದು ಆಸ್ಪತ್ರೆಗೆ ಬಂದರು. ಒಮ್ಮೆ ಮನೆಗೆ ಕಳುಹಿಸಲ್ಪಟ್ಟು ಅದೇ ದಿನ ಮತ್ತೆ ಬಂದು ದಾಖಲಾದರು. ಗರ್ಭಸ್ರಾವವು ತಪ್ಪದೆಂದು ವೈದ್ಯರಿಗೆ ತಿಳಿಯಿತು. ಅಂದಿನ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಗರ್ಭದ ಚೀಲ ಒಡೆದು ನೀರು ಹೋಯಿತು.

ಆ ಚೀಲವು ಗರ್ಭಕೋಶದ ಒಳಭಾಗವನ್ನು ಹೊರಗಿನ ಸೂಕ್ಷ್ಮಜೀವಿಗಳಿಂದ ಬೇರ್ಪಡಿಸುವ ಗೋಡೆಯೆಂದು ತಿಳಿಯಬೇಕು. ಗೋಡೆ ಬಿದ್ದಮೇಲೆ ಬಾಗಿಲು ತೆರೆದಂತೆಯೇ. ಸವಿತಾ ಅವರ ರಕ್ತವನ್ನು ಸೇರಿದುದು ‘ಇ. ಕೋಲೈ’ ಎಂಬ ಸೂಕ್ಷ್ಮಜೀವಿಯ, ಹಲವು ಔಷಧಿಗಳಿಗೆ ಬಗ್ಗದ, ಒಂದು ತಳಿ. ಪ್ರಯೋಗಶಾಲೆಯಲ್ಲಿ ಒಳ್ಳೆಯ ಆಹಾರವನ್ನು ಕೊಟ್ಟರೆ ಈ ಜೀವಿಯು ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗಿ ಒಡೆಯುತ್ತದೆ. ಮೈಯೊಳಗೆ ರಕ್ಷಣಾಶಕ್ತಿಗಳು ಎದುರುಬೀಳುವುದರಿಂದ ಇಷ್ಟು ವೇಗವಿರುವುದಿಲ್ಲವಾದರೂ ಬೆಳವಣಿಗೆಯ ರೀತಿ ಅದೇ. ಹತ್ತು ಸಲ ಇಮ್ಮಡಿಯಾದರೆ ಒಂದು ಜೀವಿಯು 1,024 ಆಗುತ್ತದೆ. ಇಪ್ಪತ್ತು ಸಲವಾದರೆ ಹತ್ತು ಲಕ್ಷವನ್ನು ಮೀರುತ್ತದೆ. ಚದುರಂಗದ ಮನೆಗಳಲ್ಲಿ ಕಾಳು ಇಟ್ಟ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಮೊದಲ ಸಾಲುಗಳಲ್ಲಿ ಏನೂ ಆಗಿಲ್ಲವೆನಿಸುತ್ತದೆ. ಆಮೇಲೆ ಎಣಿಸುವುದಕ್ಕೇ ಆಗುವುದಿಲ್ಲ. ಇಂಥ ಬೆಳವಣಿಗೆಯ ಎದುರಿನಲ್ಲಿ ‘ಸ್ವಲ್ಪ ಕಾದು ನೋಡೋಣ’ ಎಂಬುದು ನಿಂತಲ್ಲಿ ನಿಂತಿರುವುದಲ್ಲ. ಕಾಯುವ ಒಂದೊಂದು ಗಂಟೆಯ ಬೆಲೆಯೂ ಹಿಂದಿನ ಗಂಟೆಯ ಬೆಲೆಗಿಂತ ಹೆಚ್ಚು.

ಅಕ್ಟೋಬರ್ 23ರಂದು ದಂಪತಿಗಳ ಕೋರಿಕೆಗೆ ವೈದ್ಯರು ಒಪ್ಪಲಿಲ್ಲ. 24ರ ಬೆಳಗಿನ ವೇಳೆಗೆ ಜ್ವರ 39 ಡಿಗ್ರಿ ಸೆಂಟಿಗ್ರೇಡನ್ನು ದಾಟಿತ್ತು. ನಾಡಿ ನಿಮಿಷಕ್ಕೆ 160ಕ್ಕೆ ಏರಿತ್ತು. ರಕ್ತವೆಲ್ಲ ನಂಜಾಗುತ್ತಿರುವುದರ ಗುರುತು ಇದು. ಅಂದು ಮಧ್ಯಾಹ್ನ ಭ್ರೂಣದ ಹೃದಯ ತಾನಾಗಿ ನಿಂತಿತು, ಗರ್ಭವು ಹೊರಬಂತು. ಅಷ್ಟರಲ್ಲಿ ನಂಜು ಕೈಮೀರಿತ್ತು. ನಾಲ್ಕು ದಿನಗಳ ತರುವಾಯ ತಾಯಿಯೂ ಉಳಿಯಲಿಲ್ಲ.

ಇಲ್ಲಿ ಒಂದು ಮಾತನ್ನು ಯೋಚಿಸಿ ನೋಡಬೇಕು. ಹೃದಯದ ಬಡಿತವನ್ನು ತೋರಿಸುವ ಯಂತ್ರವು ಚಲಿಸುವ ವಸ್ತುವಿನಿಂದ ಹಿಂದಿರುಗುವ ಧ್ವನಿಯ ಕಂಪನಸಂಖ್ಯೆ ಬದಲಾಗುವ ತತ್ತ್ವದ ಮೇಲೆ ಕೆಲಸಮಾಡುತ್ತದೆ. ನಿಲ್ದಾಣವನ್ನು ಹಾದುಹೋಗುವ ರೈಲಿನ ಸಿಳ್ಳು ಇದ್ದಕ್ಕಿದ್ದಂತೆ ತಗ್ಗುವುದೂ ಈ ಡಾಪ್ಲರ್ ತತ್ತ್ವದಿಂದಲೇ. ಆ ಯಂತ್ರವು ಹೇಳುವುದು ‘ಇಲ್ಲಿ ಬಡಿತವಿದೆ’ ಎಂಬುದನ್ನಷ್ಟೆ. ‘ಈ ಜೀವ ಉಳಿಯುವುದು’ ಎಂದು ಅದು ಹೇಳುವುದಿಲ್ಲ. 17 ವಾರಗಳ ಭ್ರೂಣವು ಗರ್ಭಕೋಶದ ಹೊರಗೆ ಬದುಕಲಾರದು. ಒಳಗೂ ಅದಕ್ಕೆ ಉಳಿವಿರಲಿಲ್ಲ. ಹೀಗಿರುವಾಗ ತಾಯಿ ಮಗು ಎರಡರಲ್ಲಿ ಯಾರನ್ನು ಉಳಿಸಬೇಕೆಂಬ ಕಠಿಣವಾದ ಪ್ರಶ್ನೆಯೇ ಅಲ್ಲಿ ಏಳುತ್ತಿರಲಿಲ್ಲ. ಉಳಿಸಬಹುದಾಗಿದ್ದ ಪ್ರಾಣ ಒಂದೇ ಆಗಿತ್ತು.

ತನಿಖೆಗಳು ಕಾನೂನೊಂದನ್ನೇ ಹೊಣೆ ಮಾಡಲಿಲ್ಲವೆಂಬುದನ್ನೂ ಹೇಳಬೇಕು. ಮೊದಲ ದಿನದ ರಕ್ತಪರೀಕ್ಷೆಯಲ್ಲಿ ಬಿಳಿಯ ಕಣಗಳ ಸಂಖ್ಯೆ ಏರಿದ್ದರೂ ಅದನ್ನು ಯಾರೂ ಗಮನಿಸಲಿಲ್ಲ. ಚೀಲ ಒಡೆದ ಮೇಲೆ ನಾಡಿಯನ್ನೂ ಜ್ವರವನ್ನೂ ನೋಡಬೇಕಾದಷ್ಟು ಸಲ ನೋಡಲಿಲ್ಲ. 2013ರ ಏಪ್ರಿಲಿನಲ್ಲಿ ಮರಣ ವಿಚಾರಣೆಯ ಪಂಚರು ಇದನ್ನು ವೈದ್ಯಕೀಯ ಅವಘಡವೆಂದು ಒಮ್ಮತದಿಂದ ತೀರ್ಮಾನಿಸಿದರು. ಅದೇ ವರ್ಷದ ಇನ್ನೊಂದು ತನಿಖೆಯು ಅನಾಹುತವನ್ನು ತಪ್ಪಿಸಬಹುದಾಗಿದ್ದ 13 ಅವಕಾಶಗಳು ಕೈತಪ್ಪಿದುವೆಂದು ಎಣಿಸಿತು. ಆದರೆ ಕಾನೂನಿನ ಭಯವು ವೈದ್ಯರ ತೀರ್ಮಾನವನ್ನು ಕಟ್ಟಿಹಾಕಿತ್ತೆಂಬ ಮಾತೂ ಆ ತನಿಖೆಗಳಿಂದಲೇ ಹೊರಬಿತ್ತು.

ಆ ಕಾನೂನು ಏನು ಹೇಳುತ್ತಿತ್ತು?

ಗರ್ಭಪಾತ ಮಾಡಿಸುವುದು ಆಜೀವ ಸೆರೆವಾಸಕ್ಕೆ ಗುರಿಯಾಗಬಹುದಾದ ಅಪರಾಧವೆಂದು 1861ರ ಬ್ರಿಟಿಷ್ ಶಾಸನವು ವಿಧಿಸಿತ್ತು. ಐರ್ಲೆಂಡ್ ಸ್ವತಂತ್ರವಾದ ಮೇಲೂ ಅದು ಉಳಿದುಬಂತು. 1983ರಲ್ಲಿ ಜನಮತದಿಂದ ಆ ದೇಶದ ಸಂವಿಧಾನಕ್ಕೆ ಎಂಟನೆಯ ತಿದ್ದುಪಡಿ ಸೇರಿ, ಹುಟ್ಟದ ಜೀವಕ್ಕೂ ತಾಯಿಗೂ ಬದುಕುವ ಸಮಾನ ಹಕ್ಕನ್ನು ಘೋಷಿಸಿತು. 1992ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಒಂದು ಕಿಂಡಿಯನ್ನು ತೆರೆಯಿತು: ತಾಯಿಯ ‘ಪ್ರಾಣ’ಕ್ಕೆ ನಿಜವಾದ, ಗಣನೀಯವಾದ ಅಪಾಯವಿದ್ದರೆ ಗರ್ಭವನ್ನು ಕೊನೆಗಾಣಿಸಬಹುದು, ಅವಳ ‘ಆರೋಗ್ಯ’ಕ್ಕೆ ಮಾತ್ರ ಅಪಾಯವಿದ್ದರೆ ಅದು ಸಾಲದು.

ಕೇಳುವುದಕ್ಕೆ ಇದು ಸ್ಪಷ್ಟವಾಗಿಯೇ ಇದೆ. ಆದರೆ ಹಾಸಿಗೆಯ ಬಳಿ ನಿಂತ ವೈದ್ಯರ ಸ್ಥಿತಿಯನ್ನು ಊಹಿಸಿ ನೋಡಿರಿ. ಆರೋಗ್ಯದ ಅಪಾಯವು ಯಾವ ಗಳಿಗೆಯಲ್ಲಿ ಪ್ರಾಣದ ಅಪಾಯವಾಗುತ್ತದೆ? ಬಿಸಿಯಾಗುತ್ತಿರುವ ನೀರಿಗೆ ನೂರು ಡಿಗ್ರಿಯೆಂಬ ಗುರುತು ಉಂಟು. ನಂಜೇರುತ್ತಿರುವ ಮೈಗೆ ಅಂಥ ಗುರುತು ಇಲ್ಲ. ಅಪಾಯವೆಂಬುದು ಸಂಭಾವ್ಯತೆ. ಅದು ನೂರಕ್ಕೆ ಒಂದು, ಐದು, ಇಪ್ಪತ್ತು ಎಂದು ಏರುತ್ತ ಹೋಗುತ್ತದೆ. ಸೆರೆವಾಸಕ್ಕೆ ಹೆದರಿದ ವೈದ್ಯನು ಸಂದೇಹವೆಲ್ಲ ನೀಗಲೆಂದು ಕಾಯುತ್ತಾನೆ. ಸಂದೇಹವೆಲ್ಲ ನೀಗುವ ಹೊತ್ತಿಗೆ ರೋಗಿಯು ಚಿಕಿತ್ಸೆಯ ಮೇರೆಯನ್ನು ದಾಟಿರುತ್ತಾಳೆ. ಸಂಭಾವ್ಯತೆಯಾಗಿರುವಾಗ ಮಾತ್ರ ತಡೆಯಬಹುದಾದುದನ್ನು ನಿಶ್ಚಯವಾದ ಮೇಲೆ ತಡೆಯಿರೆನ್ನುವ ಕಾನೂನು ವೈದ್ಯನ ಕೈಗೆ ಬೀಗವನ್ನು ಕೊಟ್ಟು ಬೀಗದ ಕೈಯನ್ನು ತಾನಿಟ್ಟುಕೊಂಡಂತೆ.

ನಮ್ಮ ದೇಶದ ಶಾಸನ

ನಮ್ಮಲ್ಲಿಯೂ ಮೂಲ ಅದೇ ಕಾಲದ್ದು. 1860ರ ಭಾರತ ದಂಡಸಂಹಿತೆಯ 312ನೆಯ ಕಲಮು ಗರ್ಭಪಾತವನ್ನು ಅಪರಾಧವೆಂದಿತು. ತಾಯಿಯ ಪ್ರಾಣವನ್ನು ಉಳಿಸಲು ಸದ್ಭಾವನೆಯಿಂದ ಮಾಡಿದುದಕ್ಕೆ ಮಾತ್ರ ವಿನಾಯಿತಿ ಇತ್ತು. ಗರ್ಭಪಾತ ಮಾಡಿಸಿಕೊಂಡ ಹೆಂಗಸೂ ಶಿಕ್ಷೆಗೆ ಒಳಗಾಗುತ್ತಿದ್ದಳು. ಇದರಿಂದ ಗರ್ಭಪಾತಗಳು ನಿಲ್ಲಲಿಲ್ಲ. ಕತ್ತಲೆಯ ಕೋಣೆಗೆ ಸರಿದುವು. ಕಡ್ಡಿ, ಬೇರು, ಔಷಧಿಯೆಂದು ನಂಬಿದ ವಿಷ, ಇವುಗಳಿಂದ ನಂಜೇರಿ ಸತ್ತವರೂ, ಬದುಕಿದರೂ ಮತ್ತೆ ಬಸಿರಾಗದವರೂ ಬಹಳ ಮಂದಿ. ಈ ಸ್ಥಿತಿಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರವು 1964ರಲ್ಲಿ ಶಾಂತಿಲಾಲ್ ಷಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. 1966ರಲ್ಲಿ ಅದು ಕಾನೂನನ್ನು ಸಡಿಲಿಸಬೇಕೆಂದು ಸಲಹೆಮಾಡಿತು. ಅದರ ಫಲವಾಗಿ 1971ರಲ್ಲಿ ವೈದ್ಯಕೀಯ ಗರ್ಭಸಮಾಪ್ತಿ ಶಾಸನವು ಹುಟ್ಟಿ, 1972ರ ಏಪ್ರಿಲ್ 1ರಿಂದ ಜಾರಿಗೆ ಬಂತು.

ಈ ಶಾಸನವು ಒಪ್ಪಿಕೊಂಡ ಆಧಾರಗಳು ಇವು. ಗರ್ಭವು ಮುಂದುವರಿದರೆ ತಾಯಿಯ ಪ್ರಾಣಕ್ಕೆ ಅಪಾಯವಿರುವುದು. ಅಥವಾ ಅವಳ ದೇಹದ ಆರೋಗ್ಯಕ್ಕಾಗಲಿ ಮನಸ್ಸಿನ ಆರೋಗ್ಯಕ್ಕಾಗಲಿ ತೀವ್ರವಾದ ಹಾನಿಯ ಸಂಭವವಿರುವುದು. ಅಥವಾ ಹುಟ್ಟುವ ಕೂಸಿಗೆ ಗಂಭೀರವಾದ ವೈಕಲ್ಯವುಂಟಾಗುವ ಹೆಚ್ಚಿನ ಸಂಭವವಿರುವುದು. ಬಲಾತ್ಕಾರದಿಂದ ಉಂಟಾದ ಗರ್ಭವು ಮನಸ್ಸಿಗೆ ತೀವ್ರ ಹಾನಿಯೆಂದೇ ಎಣಿಸತಕ್ಕದ್ದು. ಗರ್ಭನಿರೋಧದ ಸಾಧನವು ಕೈಕೊಟ್ಟು ಉಂಟಾದ ಬೇಡದ ಗರ್ಭವನ್ನೂ ಹಾಗೆಯೇ ಎಣಿಸಬಹುದು. ಹಾನಿಯನ್ನು ತೂಗುವಾಗ ಹೆಂಗಸಿನ ಈಗಿನ ಮತ್ತು ಮುಂದೆ ಊಹಿಸಬಹುದಾದ ಪರಿಸರವನ್ನೂ ಗಮನಕ್ಕೆ ತೆಗೆದುಕೊಳ್ಳಬಹುದು.

‘ಸಂಭವ’ ಎಂಬ ಮಾತನ್ನು ವಾಚಕರು ಗುರುತಿಸಬೇಕು. ಹಾನಿ ನಡೆದೇ ತೀರುತ್ತದೆಂಬ ರುಜುವಾತನ್ನು ಶಾಸನವು ಕೇಳುವುದಿಲ್ಲ. ಆರೋಗ್ಯಕ್ಕೂ ಪ್ರಾಣಕ್ಕೂ ನಡುವೆ ಅದು ಗೋಡೆ ಕಟ್ಟುವುದಿಲ್ಲ. ವೈದ್ಯರು ಸದ್ಭಾವನೆಯಿಂದ ತಳೆದ ಅಭಿಪ್ರಾಯವನ್ನು ಅದು ನಂಬುತ್ತದೆ. ಇಷ್ಟೇ ಅಲ್ಲದೆ, ತಾಯಿಯ ಪ್ರಾಣವನ್ನು ಉಳಿಸಲು ತತ್‌ಕ್ಷಣವೇ ಮಾಡಬೇಕಾದ ಗರ್ಭಸಮಾಪ್ತಿಗೆ ಶಾಸನದ 5ನೆಯ ಕಲಮಿನಲ್ಲಿ ವಾರಗಳ ಮಿತಿಯೇ ಇಲ್ಲ. ಅರ್ಹ ವೈದ್ಯರೊಬ್ಬರ ಅಭಿಪ್ರಾಯ ಸಾಕು. 17 ವಾರಗಳಲ್ಲಿ ಚೀಲ ಒಡೆದ ಹೆಂಗಸು ಬೆಳಗಾವಿಯ ಆಸ್ಪತ್ರೆಯಲ್ಲಿ ಇದ್ದಿದ್ದರೆ, ಭ್ರೂಣದ ಹೃದಯ ನಿಲ್ಲುವುದನ್ನು ಕಾಯಬೇಕೆಂದು 2012ರಲ್ಲಿಯೂ ನಮ್ಮ ಕಾನೂನು ಹೇಳುತ್ತಿರಲಿಲ್ಲ.

ಗೆರೆಯು ಸರಿದ ಬಗೆ

1971ರ ಶಾಸನವು 12 ವಾರಗಳವರೆಗೆ ಒಬ್ಬ ವೈದ್ಯರ, 12ರಿಂದ 20 ವಾರಗಳವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕೆಂದಿತ್ತು. ಆ ಕಾಲಕ್ಕೆ ಭ್ರೂಣದ ಒಳರಚನೆಯನ್ನು ನೋಡುವ ಯಂತ್ರವು ನಮ್ಮ ಆಸ್ಪತ್ರೆಗಳಲ್ಲಿ ಇರಲಿಲ್ಲ. ಯಂತ್ರ ಬಂದಮೇಲೆ ತೊಡಕು ಕಾಣಿಸಿಕೊಂಡಿತು. ದೋಷವನ್ನು ಹುಡುಕುವ ಪರೀಕ್ಷೆ ನಡೆಯುವುದು 18ರಿಂದ 20ನೆಯ ವಾರದಲ್ಲೆಂದು ಹಿಂದೆ ಹೇಳಿದೆವಷ್ಟೆ. ದೋಷವು ಕಂಡು, ಇನ್ನೊಮ್ಮೆ ಪರೀಕ್ಷೆಯಾಗಿ, ಮನೆಯವರು ಯೋಚಿಸುವ ವೇಳೆಗೆ ಗೆರೆ ದಾಟಿರುತ್ತಿತ್ತು. 2008ರಲ್ಲಿ ಭ್ರೂಣದ ಹೃದಯದೋಷವು ತಡವಾಗಿ ತಿಳಿದು 24ನೆಯ ವಾರದಲ್ಲಿ ಮುಂಬಯಿಯ ಹೈಕೋರ್ಟನ್ನು ಬೇಡಿದ ದಂಪತಿಗಳಿಗೆ ಅನುಮತಿ ದೊರೆಯಲಿಲ್ಲ. ಆ ಬಳಿಕ ಇಂಥ ಅರ್ಜಿಗಳು ನ್ಯಾಯಾಲಯಗಳಿಗೆ ಬರುತ್ತಲೇ ಇದ್ದುವು.

2021ರಲ್ಲಿ ಶಾಸನಕ್ಕೆ ತಿದ್ದುಪಡಿಯಾಗಿ ಆ ವರ್ಷದ ಸೆಪ್ಟೆಂಬರ್ 24ರಿಂದ ಜಾರಿಗೆ ಬಂತು. ಈಗ 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರಗಳವರೆಗೆ ಇಬ್ಬರ ಅಭಿಪ್ರಾಯ ಬೇಕು. ಇದು ನಿಯಮಗಳಲ್ಲಿ ಹೇಳಿದ ಕೆಲವು ವರ್ಗದವರಿಗೆ ಮಾತ್ರ. ಬಲಾತ್ಕಾರಕ್ಕೆ ಒಳಗಾದವರು, ಅಪ್ರಾಪ್ತ ವಯಸ್ಸಿನವರು, ಗರ್ಭಿಣಿಯಾಗಿರುವಾಗ ವಿಧವೆಯರಾದವರು ಅಥವಾ ವಿಚ್ಛೇದನ ಪಡೆದವರು, ತೀವ್ರವಾದ ಅಂಗವೈಕಲ್ಯವುಳ್ಳವರು, ಮಾನಸಿಕ ರೋಗಿಗಳು, ಭ್ರೂಣದಲ್ಲಿ ಗಂಭೀರ ದೋಷವಿರುವವರು, ವಿಪತ್ತಿಗೆ ಸಿಕ್ಕಿದವರು ಇದರಲ್ಲಿ ಸೇರಿದ್ದಾರೆ. 24 ವಾರಗಳು ದಾಟಿದ ಮೇಲೆ ಭ್ರೂಣದಲ್ಲಿ ಗಣನೀಯವಾದ ವೈಕಲ್ಯವಿದೆಯೆಂದು ವೈದ್ಯಮಂಡಳಿಯು ನಿರ್ಣಯಿಸಬೇಕು. ಆ ಮಂಡಳಿಯಲ್ಲಿ ಸ್ತ್ರೀರೋಗ ತಜ್ಞರು, ಮಕ್ಕಳ ತಜ್ಞರು, ಸ್ಕ್ಯಾನಿಂಗ್ ತಜ್ಞರು ಇರುತ್ತಾರೆ. 2022ರ ಸೆಪ್ಟೆಂಬರ್ 29ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 20ರಿಂದ 24 ವಾರಗಳ ಈ ಅವಕಾಶವು ಅವಿವಾಹಿತೆಯರಿಗೂ ಸಲ್ಲತಕ್ಕದ್ದೆಂದು ತೀರ್ಪಿತ್ತಿತು.

24 ಎಂಬ ಸಂಖ್ಯೆ ಎಲ್ಲಿಂದ ಬಂತು? ಇದರ ಹಿಂದೆಯೂ ಸ್ವಲ್ಪ ಭೌತವಿಜ್ಞಾನವಿದೆ. ಶ್ವಾಸಕೋಶವು ಒದ್ದೆಯಾದ ಕೋಟ್ಯಂತರ ಗುಳ್ಳೆಗಳಿಂದಾದುದು. ದ್ರವದ ಮೇಲ್ಮೈ ಎಳೆತವು ಗುಳ್ಳೆಯನ್ನು ಕುಗ್ಗಿಸಲು ಯತ್ನಿಸುತ್ತದೆ. ಗುಳ್ಳೆ ಚಿಕ್ಕದಾದಷ್ಟೂ ಆ ಒತ್ತಡ ಹೆಚ್ಚು. ಸಾಬೂನಿನಂತೆ ಈ ಎಳೆತವನ್ನು ತಗ್ಗಿಸುವ ಒಂದು ವಸ್ತುವನ್ನು ಶ್ವಾಸಕೋಶವು ತಾನೇ ಒಸರುತ್ತದೆ. ಅದು ತಯಾರಾಗತೊಡಗುವುದು ಸುಮಾರು 24ನೆಯ ವಾರದಲ್ಲಿ. ಸಾಕಷ್ಟು ಆಗುವುದು 34, 35ನೆಯ ವಾರದ ಹೊತ್ತಿಗೆ. ಅದಕ್ಕೆ ಮುಂಚೆ ಹುಟ್ಟಿದ ಕೂಸಿಗೆ ಒಂದೊಂದು ಉಸಿರೂ ಹೊಸ ಬಲೂನನ್ನು ಊದಿದಂತೆ ಪ್ರಯಾಸ. ಗರ್ಭಕೋಶದ ಹೊರಗೆ ಬದುಕುವ ಆಸೆ ಹುಟ್ಟುವ ಕಾಲ ಇದಾದುದರಿಂದ ಇಲ್ಲಿಂದ ಮುಂದೆ ಕಾನೂನು ಹೆಚ್ಚು ಎಚ್ಚರ ವಹಿಸುತ್ತದೆ. ಹುಟ್ಟದ ಜೀವಕ್ಕೂ ಗೌರವ ಸಲ್ಲಬೇಕೆಂಬ ಭಾವನೆ ನಮ್ಮಲ್ಲಿ ಬಹುಜನರಿಗೆ ಇದೆ. ಅದನ್ನು ಕಾನೂನು ಕಡೆಗಣಿಸಿಲ್ಲವೆಂಬುದಕ್ಕೆ ಈ ಎಚ್ಚರವೇ ಸಾಕ್ಷಿ. 2023ರ ಅಕ್ಟೋಬರಿನಲ್ಲಿ 26 ವಾರಗಳನ್ನು ದಾಟಿದ್ದ ಒಂದು ಗರ್ಭದ ವಿಷಯದಲ್ಲಿ, ತಾಯಿಯ ಪ್ರಾಣಕ್ಕೆ ತತ್‌ಕ್ಷಣದ ಅಪಾಯವಾಗಲಿ ಭ್ರೂಣದಲ್ಲಿ ದೋಷವಾಗಲಿ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಅನುಮತಿಯನ್ನು ನಿರಾಕರಿಸಿತು.

ನಮ್ಮ ಶಾಸನದಲ್ಲಿ ಕೊರತೆ ಇಲ್ಲವೆಂದಲ್ಲ. ಹೆಂಗಸಿನ ಕೋರಿಕೆಯಷ್ಟೇ ಸಾಲದು, ವೈದ್ಯರ ಅಭಿಪ್ರಾಯವೂ ಬೇಕು. ಶಾಸನದ ಹೊರಗೆ ನಡೆದ ಗರ್ಭಪಾತವು ಇಂದಿಗೂ ಅಪರಾಧವೇ: 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯ ಸ್ಥಾನದಲ್ಲಿ ಬಂದ ಭಾರತೀಯ ನ್ಯಾಯ ಸಂಹಿತೆಯು ಅದನ್ನು 88ನೆಯ ಕಲಮಿನಲ್ಲಿ ಉಳಿಸಿಕೊಂಡಿದೆ.

ಕಾನೂನು ಒಪ್ಪದ ಕಾರಣ

ಒಂದು ಕಾರಣಕ್ಕೆ ಮಾತ್ರ ನಮ್ಮ ಕಾನೂನಿನಲ್ಲಿ ಎಡೆಯೇ ಇಲ್ಲ. ಹೆಣ್ಣುಕೂಸೆಂಬ ಕಾರಣಕ್ಕೆ ಗರ್ಭವನ್ನು ತೆಗೆಸುವುದೇ ಅದು. ಭ್ರೂಣದ ಲಿಂಗವನ್ನು ಪತ್ತೆಮಾಡಿ ತಿಳಿಸುವುದನ್ನು 1994ರ ಶಾಸನವು ನಿಷೇಧಿಸಿದೆ. ಆದರೂ 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವನ್ನಿಟ್ಟು ಲಿಂಗ ಪತ್ತೆ ಮಾಡುತ್ತಿದ್ದರೆಂಬ ಆರೋಪದ ಮೇಲೆ ಪೊಲೀಸರು ಹಲವರನ್ನು ಬಂಧಿಸಿದರು. ಕಬ್ಬಿನ ಹಾಲು ಕುದಿಯಬೇಕಾದ ಕಡೆಗೆ ಆ ಯಂತ್ರವು ಹೋದುದು ನಮ್ಮ ನಾಡಿಗೆ ನಾಚಿಕೆಗೇಡು. ತಾಯಿಯ ಪ್ರಾಣವನ್ನು ಉಳಿಸುವ ಯಂತ್ರವೂ ಅದೇ, ಮಗಳನ್ನು ಎಣಿಕೆಯಿಂದ ಅಳಿಸುವ ಯಂತ್ರವೂ ಅದೇ.

ಎಲ್ಲರೂ ತಿಳಿದಿರಬೇಕಾದುದು

ಅರಸೀಕೆರೆಯಿಂದ ಜಿಲ್ಲಾ ಕೇಂದ್ರವಾದ ಹಾಸನಕ್ಕೆ 40 ಕಿಲೊಮೀಟರಿಗಿಂತ ಸ್ವಲ್ಪ ಹೆಚ್ಚು ದೂರ. ಸುತ್ತಲಿನ ಹಳ್ಳಿಯವರಿಗೆ ಬಸ್ಸು ಹಿಡಿಯುವ ಕಾಲವೂ ಸೇರುತ್ತದೆ. ದಾರಿಗಿಂತ ದೊಡ್ಡ ಅಡ್ಡಿಯೆಂದರೆ ಸಂಕೋಚ. ವಾರಗಳು ಬಹುಮಟ್ಟಿಗೆ ಅದರಲ್ಲಿಯೇ ಕಳೆಯುತ್ತವೆ. ಆದುದರಿಂದ ಕೆಲವು ಸಂಗತಿಗಳನ್ನು ನೇರವಾಗಿ ಹೇಳುತ್ತೇವೆ.

ಹದಿನೆಂಟು ವರ್ಷ ತುಂಬಿದ ಹೆಂಗಸಿನ ವಿಷಯದಲ್ಲಿ ಅವಳೊಬ್ಬಳ ಒಪ್ಪಿಗೆ ಸಾಕು. ಗಂಡನ ಅಥವಾ ಅತ್ತೆಮಾವಂದಿರ ಸಹಿಯನ್ನು ಶಾಸನವು ಕೇಳುವುದಿಲ್ಲ. ಅವಳಿಗೆ ಇಷ್ಟವಿಲ್ಲದೆ ಯಾರೂ ಗರ್ಭವನ್ನು ತೆಗೆಸುವಂತಿಲ್ಲ. ಹದಿನೆಂಟು ತುಂಬದ ಬಾಲಕಿಯ ವಿಷಯದಲ್ಲಿಯೂ ಮಾನಸಿಕ ರೋಗಿಯ ವಿಷಯದಲ್ಲಿಯೂ ಪೋಷಕರ ಲಿಖಿತ ಒಪ್ಪಿಗೆ ಬೇಕು. ಅಪ್ರಾಪ್ತೆಯ ಸಂಗತಿಯನ್ನು ವೈದ್ಯರು ಪೊಲೀಸರಿಗೆ ತಿಳಿಸಬೇಕಾದರೂ, ಬಾಲಕಿಯೂ ಪೋಷಕರೂ ಕೋರಿದರೆ ಅವಳ ಹೆಸರನ್ನೂ ಗುರುತನ್ನೂ ಹೇಳಬೇಕಾಗಿಲ್ಲವೆಂದು 2022ರ ತೀರ್ಪು ಸ್ಪಷ್ಟಪಡಿಸಿದೆ. ಚಿಕಿತ್ಸೆ ಪಡೆದವಳ ಹೆಸರನ್ನು ಕಾನೂನಿನ ಅಧಿಕಾರವಿಲ್ಲದವರಿಗೆ ತಿಳಿಸಿದ ವೈದ್ಯರಿಗೆ ಒಂದು ವರ್ಷದವರೆಗೆ ಸೆರೆವಾಸವೋ ದಂಡವೋ ಎರಡೂ ಸೇರಿಯೋ ಆಗಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಅಥವಾ ಸರ್ಕಾರವು ಒಪ್ಪಿದ ಸ್ಥಳದಲ್ಲಿ, ಅರ್ಹ ವೈದ್ಯರಿಂದ ಮಾತ್ರ ಇದನ್ನು ಮಾಡಿಸಿಕೊಳ್ಳಬೇಕು. ಬಸುರಿಗೆ ನೀರು ಹೋದರೆ, ಚಳಿಜ್ವರ ಬಂದರೆ, ರಕ್ತ ಹರಿದರೆ, ಹೊಟ್ಟೆಯಲ್ಲಿ ತಡೆಯಲಾರದ ನೋವು ಕಾಣಿಸಿಕೊಂಡರೆ ಬೆಳಗಾಗಲೆಂದು ಕಾಯಬಾರದು.

ಐರ್ಲೆಂಡಿನ ಜನರು ಸವಿತಾ ಅವರನ್ನು ಮರೆಯಲಿಲ್ಲ. 2018ರ ಮೇ 25ರಂದು ಎಂಟನೆಯ ತಿದ್ದುಪಡಿಯನ್ನು ತೆಗೆದುಹಾಕಬೇಕೆ ಎಂಬ ಪ್ರಶ್ನೆಗೆ ಅಲ್ಲಿ ಮತದಾನ ನಡೆಯಿತು. ತೆಗೆದುಹಾಕಿರೆಂದು ಅವರ ತಂದೆ ಬೆಳಗಾವಿಯಿಂದಲೇ ಆ ದೇಶದ ಮತದಾರರನ್ನು ಕೇಳಿಕೊಂಡಿದ್ದರು. ನೂರಕ್ಕೆ 66.4 ಮಂದಿ ಹೌದೆಂದರು. 2019ರ ಜನವರಿ 1ರಿಂದ ಜಾರಿಗೆ ಬಂದ ಅಲ್ಲಿನ ಹೊಸ ಕಾನೂನು 12 ವಾರಗಳವರೆಗೆ ಕಾರಣವನ್ನು ಕೇಳುವುದಿಲ್ಲ. ಅನಂತರವೂ ತಾಯಿಯ ಪ್ರಾಣದ ಅಪಾಯವನ್ನು ಮಾತ್ರವಲ್ಲದೆ ಆರೋಗ್ಯಕ್ಕೆ ಒದಗುವ ಗಂಭೀರ ಹಾನಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನಮ್ಮ ದೇಶವು 1971ರಲ್ಲಿ ಬರೆದುಕೊಂಡಿದ್ದ ಈ ಮಾತನ್ನು ಆ ದೇಶವು ಬೆಳಗಾವಿಯ ಮಗಳೊಬ್ಬಳನ್ನು ಕಳೆದುಕೊಂಡ ಮೇಲೆ ಬರೆದುಕೊಂಡಿತು. ಬರೆದ ಮಾತು ನಮ್ಮ ಹಳ್ಳಿಯ ಹೆಂಗಸಿಗೂ ಹೊತ್ತಿಗೆ ಸರಿಯಾಗಿ ತಲಪುವಂತೆ ನೋಡಿಕೊಳ್ಳುವುದು ಈಗ ಉಳಿದಿರುವ ಕೆಲಸ.